ವಾಪಸು ಹೋಗುತ್ತಾಳೆಂದು ಬರೆದುಕೊಟ್ಟೆ

ಜರ್ಮನಿಯಲ್ಲಿರುವ ನಮ್ಮಂಥವರು ಊರಿನಿಂದ ಅಪ್ಪ ಅಮ್ಮನನ್ನು ಕರೆಸಿಕೊಳ್ಳಬೇಕೆಂದರೆ ಟಿಕೆಟ್ಟಿಗೂ ಮುಂಚೆ ಹೋಗಬೇಕಾದದ್ದು ತಾವಿರುವ ಊರಿನ ವಿದೇಶಿಯರ ಕಚೇರಿಗೆ. ಅಲ್ಲಿ ಒಂದು ಹೊಣೆಪತ್ರಕ್ಕೆ ಸಹಿ ಹಾಕಬೇಕು. ಅದರ ಜರ್ಮನ್ ಹೆಸರು ‘ಫೆರ್‌ಫ್ಲಿಷ್ಟುಂಗ್ಸ್‌ಎರ್ಕ್ಲೇರುಂಗ್’. ಇಲ್ಲಿನ ಕನ್ನಡಿಗರು ಯಾರೂ ಆ ಗೋಜಿಗೆ ಹೋಗುವುದಿಲ್ಲ, ‘ಸ್ಪಾನ್ಸರ್ ಲೆಟರ್’ ಎಂದು ಮುಗಿಸುತ್ತಾರೆ. ಬರುವ ಅತಿಥಿಯ ಊಟ, ವಸತಿ, ಕಾಯಿಲೆಯ ಖರ್ಚು, ಕೊನೆಗೆ ಅವರನ್ನು ದೇಶದಿಂದ ಹೊರಗೆ ಕಳಿಸುವ ಪ್ರಸಂಗ ಬಂದರೆ ಅದರ ಖರ್ಚು, ಇವುಗಳಲ್ಲಿ ಸರ್ಕಾರದ ಬೊಕ್ಕಸದಿಂದ ಎಷ್ಟು ಹೋದರೂ ನಾನು ಕಟ್ಟಿಕೊಡುತ್ತೇನೆ ಎಂಬುದು ಅದರ ಸಾರಾಂಶ. ಇಲ್ಲಿನ ವಾಸ್ತವ್ಯ ಕಾನೂನಿನ 66ರಿಂದ 68ನೇ ಕಲಮುಗಳು ಇದನ್ನೇ ಹೇಳುತ್ತವೆ. ಅಮ್ಮನ ಮಟ್ಟಿಗೆ ಇದಕ್ಕೆಲ್ಲ ಸಹಿ ಬೇಕೇ, ನಾನು ಮಾಡಲೇಬೇಕಾದದ್ದಲ್ಲವೇ ಎಂದು ಕೇಳಬಹುದು. ಸರ್ಕಾರಕ್ಕೆ ಅದು ಗೊತ್ತಿಲ್ಲ, ಗೊತ್ತಿರಬೇಕಾಗಿಯೂ ಇಲ್ಲ.

2019ರ ಫೆಬ್ರುವರಿ. ಸ್ಟುಟ್‌ಗಾರ್ಟ್‌ನಲ್ಲಿ ಮೇಜಿನ ಆಚೆ ಕೂತಿದ್ದ ಅಧಿಕಾರಿಣಿ ನನ್ನ ಮೂರು ತಿಂಗಳ ಸಂಬಳದ ಚೀಟಿ, ಮನೆ ಬಾಡಿಗೆಯ ಕರಾರು, ಪಾಸ್‌ಪೋರ್ಟು, ವಾಸದ ಪರವಾನಗಿ ಎಲ್ಲವನ್ನೂ ಸಾವಕಾಶವಾಗಿ ನೋಡಿದರು. ಮನೆ ಎಷ್ಟು ಚದರ ಮೀಟರ್, ಒಳಗೆ ಎಷ್ಟು ಜನ ಎಂದು ಕೇಳಿದರು. ಅವರಿಗೆ ತಿಳಿಯಬೇಕಿದ್ದದ್ದು ಎರಡೇ: ನನ್ನ ಸಂಬಳದಲ್ಲಿ ಇನ್ನೊಂದು ಹೊಟ್ಟೆ ತುಂಬೀತೇ, ನನ್ನ ಮನೆಯಲ್ಲಿ ಇನ್ನೊಂದು ಹಾಸಿಗೆ ಹಿಡಿದೀತೇ. ಆಮೇಲೆ ‘ಎಷ್ಟು ದಿನಕ್ಕೆ?’ ಎಂದರು. ನಾನು ತಡಮಾಡದೆ ‘ತೊಂಬತ್ತು’ ಎಂದೆ. 180 ದಿನಗಳಲ್ಲಿ 90 ದಿನ, ಷೆಂಗೆನ್ ದೇಶಗಳು ಭೇಟಿಗೆ ಬಂದವರಿಗೆ ಕೊಡುವ ಗರಿಷ್ಠ ಅದು. ಅದಕ್ಕಿಂತ ಹೆಚ್ಚಿದ್ದಿದ್ದರೆ ಅದನ್ನೇ ಹೇಳುತ್ತಿದ್ದೆ. ಕ್ರಮಸಂಖ್ಯೆ ಇದ್ದ ಗಟ್ಟಿ ಕಾಗದ ಮುದ್ರಣವಾಗಿ ಬಂತು. ಸುಳ್ಳು ಹೇಳಿದರೆ ಶಿಕ್ಷೆಯುಂಟು ಎಂಬ ಸಾಲನ್ನು ಬೆರಳಿಟ್ಟು ತೋರಿಸಿ, ತಮ್ಮ ಕಣ್ಣೆದುರೇ ಸಹಿ ಮಾಡಿಸಿಕೊಂಡು, 29 ಯೂರೋ ತೆಗೆದುಕೊಂಡು, ಮೂಲಪ್ರತಿಯನ್ನೇ ಊರಿಗೆ ಕಳಿಸಬೇಕು, ಜೆರಾಕ್ಸ್ ನಡೆಯುವುದಿಲ್ಲ ಎಂದು ಎಚ್ಚರಿಸಿದರು.

ಅಪ್ಪ ಹೋದ ಮೇಲೆ ಅಮ್ಮ ಸಾಗರದ ಹತ್ತಿರದ ನಮ್ಮ ಹಳ್ಳಿಯಲ್ಲಿ ಒಬ್ಬಳೇ. ಪ್ರಾಥಮಿಕ ಶಾಲೆಯಲ್ಲಿ ಮೇಷ್ಟ್ರಮ್ಮನಾಗಿದ್ದು ನಿವೃತ್ತಳಾದವಳು. ಪಿಂಚಣಿ ಬರುತ್ತದೆ, ಒಂದಿಷ್ಟು ಅಡಿಕೆ ತೋಟವಿದೆ. ಆಕೆ ನನ್ನ ಜೊತೆಗೇ ಇರಲಿ ಎಂಬ ಆಸೆ ನನಗಿತ್ತು, ಅದನ್ನು ಯಾವ ಅರ್ಜಿಯಲ್ಲೂ ಬರೆಯುವ ಹಾಗಿರಲಿಲ್ಲ. ಜರ್ಮನಿಯಲ್ಲಿ ‘ಕುಟುಂಬ’ ಎಂದರೆ ಗಂಡ, ಹೆಂಡತಿ, ಪ್ರಾಯಕ್ಕೆ ಬಾರದ ಮಕ್ಕಳು. ದುಡಿಯುವವರ ತಂದೆತಾಯಿಗೆ ಆಗ ಅಸಾಧಾರಣ ಕಷ್ಟದ ಸಂದರ್ಭ ಬಿಟ್ಟರೆ ಬಾಗಿಲಿರಲಿಲ್ಲ. ಒಬ್ಬಂಟಿತನ ಆ ಲೆಕ್ಕಕ್ಕೆ ಬರುವುದಿಲ್ಲ. ಹಾಗಾಗಿ ಭೇಟಿಯ ವೀಸಾ, ಅಲ್ಪಾವಧಿಯ ‘ಸಿ’ ವರ್ಗ. ಆಹ್ವಾನ ಪತ್ರದಲ್ಲಿ ನಾನು ಬರೆದದ್ದು: ‘ನನ್ನ ತಾಯಿ ನನ್ನನ್ನು ನೋಡಲು ಬರುತ್ತಿದ್ದಾರೆ, ಅವಧಿ ಮುಗಿಯುವ ಮುನ್ನ ಖಂಡಿತವಾಗಿ ಹಿಂತಿರುಗುತ್ತಾರೆ.’ ಮೊದಲ ಅರ್ಧವನ್ನು ಮನಸ್ಸಿಟ್ಟು ಬರೆದೆ. ಎರಡನೆಯ ಅರ್ಧವನ್ನು ಗೆಳತಿಯೊಬ್ಬಳ ಹಳೇ ಪತ್ರ ನೋಡಿ ಬರೆದೆ.

ಆಕೆಯ ಕಡೆಯ ಕಾಗದಗಳನ್ನು ಒಟ್ಟುಮಾಡುವ ಕೆಲಸ ಫೋನಿನಲ್ಲಿ ನಡೆಯಿತು. ಪಾಸ್‌ಪೋರ್ಟು ಹತ್ತು ವರ್ಷದೊಳಗೆ ಕೊಟ್ಟದ್ದಾಗಿರಬೇಕು, ವಾಪಸಾದ ಮೇಲೂ ಮೂರು ತಿಂಗಳು ಜೀವ ಇರಬೇಕು, ಎರಡು ಪುಟ ಖಾಲಿ ಇರಬೇಕು. ಪ್ರಯಾಣ ವಿಮೆ ಕನಿಷ್ಠ 30,000 ಯೂರೋದ್ದು, ಅದರಲ್ಲಿ ರೋಗಿಯನ್ನು ಸ್ವದೇಶಕ್ಕೆ ಸಾಗಿಸುವ ವೆಚ್ಚವೂ ಸೇರಿರಬೇಕು. ಫೋಟೋ 35ಕ್ಕೆ 45 ಮಿಲಿಮೀಟರ್, ಬಿಳೀ ಹಿನ್ನೆಲೆ, ಮುಖ ಇಷ್ಟು ದೊಡ್ಡದು. ಸಾಗರದ ಸ್ಟುಡಿಯೋದವನು ಅಭ್ಯಾಸಬಲದಿಂದ ಹಿಂದೆ ನೀಲಿ ಪರದೆ ಬಿಟ್ಟು, ಕಂಪ್ಯೂಟರಿನಲ್ಲಿ ಅಮ್ಮನ ಮುಖದ ಸುಕ್ಕು ತೆಗೆದು, ಕುಂಕುಮವನ್ನು ಇನ್ನಷ್ಟು ಕೆಂಪು ಮಾಡಿ ಕೊಟ್ಟಿದ್ದ. ‘ಮದುವೆಗೆ ತೋರ್ಸೋ ಫೋಟೋ ಅಂತ ತಿಳಕಂಡಿದಾನೆ ಮಾರಾಯ್ತಿ’ ಎಂದು ಅಮ್ಮ ನಕ್ಕಳು. ಮತ್ತೆ ಹೋಗಿ ತೆಗೆಸಿಕೊಂಡು ಬಂದಳು, ಈ ಸಲ ಸುಕ್ಕಿನ ಸಮೇತ.

ಹೆಸರಿನ ವಿಷಯ ಹಾಗೆ ನಗೆಯಲ್ಲಿ ಹೋಗಲಿಲ್ಲ. ನಮ್ಮ ಕಡೆಯ ಎಷ್ಟೋ ಹೆಂಗಸರ ಹಾಗೆ ಅಮ್ಮನ ಪಾಸ್‌ಪೋರ್ಟಿನಲ್ಲೂ ಸರ್‌ನೇಮಿನ ಜಾಗ ಖಾಲಿ. ಪಿಂಚಣಿ ಪುಸ್ತಕದಲ್ಲಿ ಆಕೆಯ ಹೆಸರಿನ ಹಿಂದೆ ಅಪ್ಪನ ಇನಿಷಿಯಲ್, ಬ್ಯಾಂಕಿನಲ್ಲಿ ಅಪ್ಪನ ಪೂರ್ತಿ ಹೆಸರು, ಪಹಣಿಯಲ್ಲಿ ‘ಕೋಂ’ ಸೇರಿ ಇನ್ನೊಂದು ಅವತಾರ. ತಾಯಿಮಗಳ ಸಂಬಂಧಕ್ಕೆ ಪುರಾವೆ ಬೇಕು ಎಂದಾಗ ಇನ್ನೊಂದು ಗಂಟು. ನಾನು ಹುಟ್ಟಿದ್ದು ಅಜ್ಜನ ಮನೆಯಲ್ಲಿ, ಜನನ ರಿಜಿಸ್ಟರಿನಲ್ಲಿ ನನ್ನ ಹೆಸರಿನ ಜಾಗದಲ್ಲಿ ‘ಹೆಣ್ಣು’ ಎಂದಷ್ಟೇ ಇದೆ. ಕೊನೆಗೆ ಕೆಲಸಕ್ಕೆ ಬಂದದ್ದು ನನ್ನದೇ ಪಾಸ್‌ಪೋರ್ಟಿನ ಕೊನೆಯ ಪುಟ. ಭಾರತದ ಪಾಸ್‌ಪೋರ್ಟಿನಲ್ಲಿ ತಂದೆತಾಯಿಯ ಹೆಸರು ಅಲ್ಲಿರುತ್ತದೆ. ಅದರಲ್ಲೂ ಒಂದು ಅಕ್ಷರ ಹೆಚ್ಚು. ಛಾಪಾ ಕಾಗದದ ಮೇಲೆ ನೋಟರಿ ಮುಂದೆ ಅಫಿಡವಿಟ್ ಮಾಡಿಸಿ, ಈ ಹೆಸರಿನವಳೂ ಆ ಹೆಸರಿನವಳೂ ಒಬ್ಬಳೇ ಎಂದು ಅಮ್ಮ ಪ್ರಮಾಣ ಮಾಡಿದ್ದಾಯಿತು.

ಹಣಕಾಸಿನ ಕಾಗದಗಳು ಬಂದಾಗ ನಾನು ಸುಮ್ಮನೆ ಕೂತು ಓದಿದೆ. ಅಮ್ಮ ಒಂದೊಂದನ್ನೇ ಅಂಗಳದ ಬಿಸಿಲಿನಲ್ಲಿ ಇಟ್ಟು, ಗಾಳಿಗೆ ಹಾರದ ಹಾಗೆ ಮೂಲೆಗೆ ಅಡಿಕೆ ಇಟ್ಟು, ಫೋಟೋ ಹೊಡೆದು ಕಳಿಸಿದ್ದಳು. ಅಪ್ಪ ತೀರಿದ ಮರುವರ್ಷವೇ ನಾಡಕಚೇರಿಗೆ ಓಡಾಡಿ ಪೌತಿ ಖಾತೆ ಮಾಡಿಸಿಕೊಂಡಿದ್ದಳು, ನನಗೆ ಹೇಳಿರಲಿಲ್ಲ. ಸೊಸೈಟಿಯಲ್ಲಿ ಅಪ್ಪನ ಹೆಸರಿನಲ್ಲಿದ್ದ ಸಾಲವನ್ನು ಪ್ರತಿ ಫಸಲಿನಲ್ಲಿ ಇಷ್ಟಿಷ್ಟು ತೀರಿಸುತ್ತ ಬಂದಿದ್ದಳು. ಬಾವಿಗೆ ಹೊಸ ಪಂಪು ಕೂರಿಸಿದ ರಸೀತಿ ಇತ್ತು, ನಾನು ಕಳಿಸುತ್ತಿದ್ದ ದುಡ್ಡು ಮುಟ್ಟದೆ ನನ್ನ ಹೆಸರಿನಲ್ಲೇ ಠೇವಣಿ ಆದ ಬಾಂಡುಗಳಿದ್ದವು. ವಾರಕ್ಕೊಮ್ಮೆ ಮಾತಾಡುವಾಗ ‘ಊಟ ಆಯ್ತಾ, ಮಂಡಿ ನೋವು ಹ್ಯಾಗಿದೆ’ ಎಂದು ಕೇಳುತ್ತಿದ್ದವಳಿಗೆ ಇದೆಲ್ಲ ತಿಳಿಯುವ ದಾರಿಯೇ ಇರಲಿಲ್ಲ. ಯಾರೋ ಗುರುತಿಲ್ಲದ ವೀಸಾ ಅಧಿಕಾರಿ ಕೇಳಿದ್ದಕ್ಕೆ ಆಕೆ ಬೀರು ತೆರೆದಿದ್ದಳು.

ಆದರೂ ಈ ಕಾಗದಗಳ ಭಾರವೆಲ್ಲ ಒಂದೇ ಪ್ರಶ್ನೆಯ ಮೇಲೆ ನಿಂತಿರುತ್ತದೆ: ಈಕೆ ಹಿಂದಿರುಗಿ ಹೋಗುತ್ತಾಳೆಯೇ? ಷೆಂಗೆನ್ ವೀಸಾ ನಿರಾಕರಿಸುವ ಪತ್ರದಲ್ಲಿ ಕಾರಣಗಳ ಪಟ್ಟಿ ಮೊದಲೇ ಅಚ್ಚಾಗಿರುತ್ತದೆ, ಅನ್ವಯವಾಗುವುದಕ್ಕೆ ಗುರುತು ಹಾಕುತ್ತಾರೆ. ಅವಧಿ ಮುಗಿಯುವ ಮುನ್ನ ಹೊರಡುವ ಉದ್ದೇಶದ ಬಗ್ಗೆ ಸಂದೇಹವಿದೆ ಎಂಬುದೂ ಅದರಲ್ಲೊಂದು. ನನ್ನ ಪರಿಚಯದ ಒಬ್ಬರ ವಿಧವೆ ತಾಯಿಗೆ ಆ ಗುರುತು ಬಿದ್ದಿತ್ತು. ಒಂಟಿ, ವಯಸ್ಸಾದವರು, ಒಬ್ಬನೇ ಮಗ ವಿದೇಶದಲ್ಲಿ: ಕಾಗದದ ಮೇಲೆ ನೋಡಿದರೆ ಅವರು ಹಿಂದಿರುಗಲು ಯಾವ ಕಾರಣವೂ ಕಾಣದು. ನನ್ನ ಅಮ್ಮನೂ ಕಾಗದದ ಮೇಲೆ ಅದೇ.

‘ವಾಪಸು ಯಾಕೆ ಬರ್ತೀನಿ ಅಂತ ಒಂದು ಪತ್ರ ಬರ್ದು ಕಳ್ಸು, ನಾನು ಇಂಗ್ಲಿಷ್ ಮಾಡ್ತೀನಿ’ ಎಂದೆ.

‘ನನ್ನ ಮನೆಗೆ ನಾನು ಬರೋದಕ್ಕೆ ಕಾರಣ ಬೇರೆ ಹೇಳ್ಬೇಕಾ?’

‘ಹೇಳ್ಬೇಕಮ್ಮ.’

ಅಂದು ರಾತ್ರಿ ನೋಟ್‌ಬುಕ್ಕಿನ ಹಾಳೆಯ ಫೋಟೋ ಬಂತು. ಕರಿಹಲಗೆಯ ಮೇಲೆ ಬರೆದು ಪಳಗಿದ ದುಂಡನೆಯ ಅಕ್ಷರ. ಮಾನ್ಯರೇ, ಮಲೆನಾಡಿನಲ್ಲಿ ಜೂನ್ ಮೊದಲ ವಾರ ಮಳೆ ಹಿಡಿಯುತ್ತದೆ. ಅದಕ್ಕೆ ಮುಂಚೆ ಅಡಿಕೆ ಕೊನೆಗಳಿಗೆ ಬೋರ್ಡೋ ದ್ರಾವಣ ಹೊಡೆಸದಿದ್ದರೆ ಕೊಳೆರೋಗ ಬಂದು ಎಳೆಕಾಯಿ ಉದುರಿ ಹೋಗುತ್ತದೆ. ಮೈಲುತುತ್ತ, ಸುಣ್ಣ ಸರಿಯಾದ ಪ್ರಮಾಣದಲ್ಲಿ ಬೆರೆತಿದೆಯೇ ಎಂದು ನಿಂತು ನೋಡಬೇಕು, ಇಲ್ಲವಾದರೆ ಆಳುಗಳು ನೀರು ಹೆಚ್ಚು ಮಾಡುತ್ತಾರೆ. ಮರ ಹತ್ತಿ ಹೊಡೆಯುವವರು ನಮ್ಮಲ್ಲಿ ಸಿಗುವುದೇ ಕಷ್ಟ, ಅವರು ಕೊಟ್ಟ ದಿನಕ್ಕೆ ನಾನು ಮನೆಯಲ್ಲಿ ಇರಬೇಕು. ಆದ್ದರಿಂದ ಮೇ ತಿಂಗಳ ಕೊನೆಗೆ ವಾಪಸಾಗುತ್ತೇನೆ. ಪತ್ರದಲ್ಲಿದ್ದದ್ದು ಇಷ್ಟೇ. ಮನೆತನ, ನೆಂಟರಿಷ್ಟರು, ದೇಶಪ್ರೇಮ ಯಾವುದರ ಸುದ್ದಿಯೂ ಇರಲಿಲ್ಲ. ಕೆಳಗೆ ಸಣ್ಣಗೆ, ನನಗಾಗಿ: ‘ತೊಂಬತ್ತು ದಿನ ಎಂತಕ್ಕೆ ಹಾಕಿದ್ದೆ? ಏಪ್ರಿಲ್ ಅರ್ಧದಲ್ಲಿ ಬಂದು ಮೇ ಕಡೆಗೆ ಹೊರಡ್ತೇನೆ.’

ನನಗೆ ಬೇಜಾರಾಯಿತು, ನಿಜ ಹೇಳುತ್ತೇನೆ. ಜರ್ಮನಿಯ ಸರ್ಕಾರಕ್ಕೆ ಆಕೆ ಉಳಿದುಬಿಡುತ್ತಾಳೆಂಬ ಭಯ, ನನಗೆ ಹೊರಟುಬಿಡುತ್ತಾಳೆಂಬ ಭಯ, ಆಕೆಗೆ ಕೊಳೆರೋಗದ ಭಯ. ಆಕೆಯ ಪತ್ರವನ್ನು ಒಂದಕ್ಷರ ಬದಲಿಸದೆ ಇಂಗ್ಲಿಷಿಗೆ ಇಳಿಸಿದೆ. ಕೊಳೆರೋಗಕ್ಕೂ ಒಂದು ಲ್ಯಾಟಿನ್ ಹೆಸರುಂಟು, ‘ಫೈಟಾಫ್ತೊರಾ’ದ ಜಾತಿಯದು. ಅಧಿಕಾರಿಗೆ ಗಾಂಭೀರ್ಯ ಕಾಣಲಿ ಎಂದು ಅದನ್ನೂ ಸೇರಿಸಿದೆ.

ಬೆಂಗಳೂರಿನ ಅರ್ಜಿ ಕೇಂದ್ರಕ್ಕೆ ಅಮ್ಮನನ್ನು ಕರೆದುಕೊಂಡು ಹೋದವನು ದೊಡ್ಡಮ್ಮನ ಮಗ. ಆಗ ವೀಸಾ ಶುಲ್ಕ 60 ಯೂರೋ, ಅದರ ಮೇಲೆ ಕೇಂದ್ರದ ಸೇವಾ ಶುಲ್ಕ. ಕಾಗದವೆಲ್ಲ ಸರಿಯಿತ್ತು, ತೊಡಕಾದದ್ದು ಬೆರಳಲ್ಲಿ. ಷೆಂಗೆನ್ ವೀಸಾಕ್ಕೆ ಹತ್ತೂ ಬೆರಳಿನ ಅಚ್ಚು ಬೇಕು, 59 ತಿಂಗಳವರೆಗೆ ಅದನ್ನೇ ಮತ್ತೆ ಬಳಸಿಕೊಳ್ಳುತ್ತಾರೆ. ನಲವತ್ತು ವರ್ಷ ಅಡಿಕೆ ಸುಲಿದ ಕೈ ಅದು. ಹೆಬ್ಬೆರಳು, ತೋರುಬೆರಳುಗಳಲ್ಲಿ ಗೆರೆ ಸವೆದು ಚೊಗರಿನ ಕಪ್ಪು ಕೂತಿದೆ. ಯಂತ್ರದ ಕೆಂಪು ದೀಪ ಹಸಿರಾಗಲೊಲ್ಲದು. ಅಲ್ಲಿದ್ದ ಹುಡುಗಿ ಒದ್ದೆ ಬಟ್ಟೆಯಿಂದ ಒರೆಸಿದಳು, ಬೆರಳನ್ನು ತಾನೇ ಹಿಡಿದು ಗಾಜಿಗೆ ಒತ್ತಿದಳು. ‘ಅಜ್ಜಿ, ಏನು ಕೆಲಸ ಮಾಡ್ತೀರಿ?’ ಎಂದು ಕೇಳಿದಳಂತೆ. ‘ಟೀಚರು’ ಎಂದಳಂತೆ ಅಮ್ಮ. ಆ ಹುಡುಗಿ ನಂಬಿದಂತೆ ಕಾಣಲಿಲ್ಲ ಎಂದು ಅಣ್ಣ ಆಮೇಲೆ ಹೇಳಿದ.

ಹದಿನೈದು ದಿನದೊಳಗೆ ವೀಸಾ ಬಂತು. ಅಮ್ಮ ಕೇಳಿದಷ್ಟೇ ದಿನ, ಅದರ ಮೇಲೆ ಪ್ರಯಾಣ ಹಿಂದುಮುಂದಾದರೆ ಇರಲಿ ಎಂದು ಚೀಟಿಯ ಸಿಂಧುತ್ವಕ್ಕೆ ನಿಯಮದ ಪ್ರಕಾರ ಕೂಡಿಸುವ ಹದಿನೈದು ದಿನದ ಅವಕಾಶ. ನನ್ನ ತೊಂಬತ್ತು ಎಲ್ಲೂ ಇರಲಿಲ್ಲ.

ವೀಸಾ ಸಿಕ್ಕಿದೆಯೆಂದರೆ ಒಳಗೆ ಬಿಡಲೇಬೇಕೆಂದಿಲ್ಲ, ಗಡಿಯಲ್ಲಿರುವವರು ಮತ್ತೆ ಕೇಳಬಹುದು. ಫ್ರಾಂಕ್‌ಫರ್ಟಿನಲ್ಲಿ ಕೇಳಿದರು. ಅಮ್ಮ ಬಟ್ಟೆಯ ಚೀಲದಿಂದ ಹೊಣೆಪತ್ರ, ವಿಮೆ, ವಾಪಸು ಟಿಕೆಟ್ಟು ಒಂದರ ಮೇಲೊಂದು ತೆಗೆದಿಟ್ಟಳಂತೆ, ಇಲಾಖೆಯ ತಪಾಸಣೆಗೆ ಬಂದ ಇನ್‌ಸ್ಪೆಕ್ಟರಿಗೆ ಹಾಜರಿ ಪುಸ್ತಕ ಒಪ್ಪಿಸುವ ಹಾಗೆ. ಹೊರಗೆ ಬಂದವಳೇ ಮೊದಲು ಹೇಳಿದ್ದು ತುಪ್ಪದ ವಿಷಯ. ಹಾಲಿನ ಪದಾರ್ಥ ತರಬಾರದೆಂದು ನಾನು ಅಷ್ಟು ಹೇಳಿದ್ದಕ್ಕೆ ಮನೆಯಲ್ಲೇ ಬಿಟ್ಟು ಬಂದಿದ್ದಳು, ‘ಯಾರೂ ಚೀಲ ತೆಗೆಸ್ಲೇ ಇಲ್ಲ, ಸುಮ್ನೆ ಬಿಟ್ಟು ಬಂದ್ನಲ್ಲ’ ಎಂಬ ಕೊರಗು ಆ ಭೇಟಿಯುದ್ದಕ್ಕೂ ಇತ್ತು.

ಸ್ಟುಟ್‌ಗಾರ್ಟಿನ ಪಕ್ಕದಲ್ಲೇ ಎಸ್‌ಲಿಂಗೆನ್. 1843ರಲ್ಲಿ ‘ಮಂಗಳೂರ ಸಮಾಚಾರ’ ಹೊರಡಿಸಿದ ಹೆರ್ಮನ್ ಮೊಗ್ಲಿಂಗ್ 1881ರಲ್ಲಿ ತೀರಿಕೊಂಡದ್ದು ಅಲ್ಲಿ. ರೈಲಿನಲ್ಲಿ ಇನ್ನೂ ಸ್ವಲ್ಪ ದೂರ ಹೋದರೆ ಟ್ಯೂಬಿಂಗೆನ್. ಫರ್ಡಿನೆಂಡ್ ಕಿಟೆಲ್ ತಮ್ಮ ಕೊನೆಗಾಲ ಕಳೆದು 1903ರಲ್ಲಿ ತೀರಿಕೊಂಡ ಊರು ಅದು, ಅಲ್ಲಿನ ವಿಶ್ವವಿದ್ಯಾಲಯವೇ 1896ರಲ್ಲಿ ಅವರಿಗೆ ಗೌರವ ಡಾಕ್ಟರೇಟ್ ಕೊಟ್ಟದ್ದು. ಮೊದಲ ಕನ್ನಡ ಪತ್ರಿಕೆ ಯಾವುದು, ಕನ್ನಡ ನಿಘಂಟು ರಚಿಸಿದ ಜರ್ಮನ್ ಪಾದ್ರಿ ಯಾರು ಎಂಬ ಒಂದು ಅಂಕದ ಪ್ರಶ್ನೆಗಳನ್ನು ವರ್ಷಗಟ್ಟಲೆ ಕೇಳಿಕೊಂಡು ಬಂದವಳಿಗೆ ಉತ್ತರಗಳೆರಡೂ ರೈಲು ಹತ್ತಿ ಇಳಿಯುವಷ್ಟು ಹತ್ತಿರ ಇವೆ ಎಂಬುದೇ ಸೋಜಿಗ. ನೆಕ್ಕಾರ್ ನದಿಯ ದಂಡೆಯ ಮೇಲೆ ಕೂತು ಚಿತ್ರಾನ್ನದ ಡಬ್ಬಿ ಬಿಚ್ಚುತ್ತ, ‘ಕಿಟೆಲ್ ಅವ್ರು ಬರೋವಾಗ ಯಾರು ಕೊಟ್ಟಿದ್ರೇ ಸ್ಪಾನ್ಸರ್ ಲೆಟರು?’ ಎಂದಳು.

ತಮಾಷೆಗೆ ಕೇಳಿದ್ದು. ಆದರೆ ಅವರ ಕಾಲವೂ ತೀರಾ ಬಾಗಿಲಿಲ್ಲದ್ದೇನಲ್ಲ. ಈಸ್ಟ್ ಇಂಡಿಯಾ ಕಂಪನಿಯ ಸೀಮೆಯಲ್ಲಿ ಬ್ರಿಟಿಷರಲ್ಲದ ಪಾದ್ರಿಗಳಿಗೆ ದಾರಿ ಸಲೀಸಾದದ್ದು 1833ರ ಚಾರ್ಟರ್ ಕಾಯ್ದೆ ಬಂದ ಮೇಲೆ. ಮರುವರ್ಷವೇ ಬಾಸೆಲ್ ಮಿಷನ್ನಿನವರು ಮಂಗಳೂರಿಗೆ ಬಂದರು. 1853ರಲ್ಲಿ ಕಿಟೆಲ್ ಬರುವಾಗ ಆ ದಾರಿ ಸವೆದಿತ್ತು. ಯಾವಾಗ ಹಿಂದಿರುಗುತ್ತೀರಿ ಎಂದು ಅವರನ್ನು ಯಾರಾದರೂ ಕೇಳಿ 90 ದಿನ ಬರೆಸಿಕೊಂಡಿದ್ದರೆ ಆ ನಿಘಂಟು ‘ಅ’ಕಾರ ದಾಟುತ್ತಿರಲಿಲ್ಲ. ಇದನ್ನೆಲ್ಲ ಹೇಳಿದಾಗ ಅಮ್ಮ, ‘ಅವ್ರಿಗೆ ತೋಟ ಇರ್ಲಿಲ್ಲ’ ಎಂದಳು.

ಮೇ ಕೊನೆಗೆ ಹೊರಟಳು. ಆ ವರ್ಷ ಔಷಧಿ ಸಕಾಲಕ್ಕೆ ಬಿತ್ತು.

ಅದೇ ಡಿಸೆಂಬರಿನಲ್ಲಿ ಲೆಕ್ಕ ಉಲ್ಟಾ ಆಯಿತು. ಅಮ್ಮ ಇದ್ದಾಗ ಆಕೆಯೊಂದಿಗೆ ಭಾಷೆಯೇ ಇಲ್ಲದೆ ತಾಸುಗಟ್ಟಲೆ ಹೆಣಿಗೆ ಹಾಕುತ್ತ ಕೂರುತ್ತಿದ್ದ ನಮ್ಮ ಮೇಲಿನ ಮನೆಯ ಹಿರಿಯ ಹೆಂಗಸು, ಅಡಿಕೆ ಕೊಯ್ಲು ನೋಡಬೇಕೆಂದು ಊರಿಗೆ ಹೊರಟರು. ಭಾರತದ ಇ-ಟೂರಿಸ್ಟ್ ವೀಸಾದ ಅರ್ಜಿಯನ್ನು ನನ್ನ ಅಡುಗೆಮನೆಯ ಮೇಜಿನ ಮೇಲೇ ತುಂಬಿಸಿದೆವು. ನಮ್ಮವರು ದುಡ್ಡಿನ ಪುರಾವೆಗೆ ಅಷ್ಟು ತಲೆ ಕೆಡಿಸಿಕೊಳ್ಳುವುದಿಲ್ಲ, ಜಾತಕ ಕೇಳುತ್ತಾರೆ. ತಂದೆ ಹುಟ್ಟಿದ್ದೆಲ್ಲಿ, ತಾಯಿ ಹುಟ್ಟಿದ್ದೆಲ್ಲಿ, ಧರ್ಮ ಯಾವುದು, ಅಜ್ಜ ಅಜ್ಜಿಯರಲ್ಲಿ ಯಾರಾದರೂ ಪಾಕಿಸ್ತಾನದವರೇ, ಮೈಮೇಲೆ ಕಾಣುವ ಗುರುತು ಏನು. ಆಕೆ ಗಲ್ಲದ ಮೇಲಿನ ಮಚ್ಚೆಯನ್ನು ಕನ್ನಡಿಯಲ್ಲಿ ನೋಡಿಕೊಂಡು, ಎಪ್ಪತ್ತು ವರ್ಷದಲ್ಲಿ ಇದನ್ನು ಇಷ್ಟು ಗೌರವದಿಂದ ಯಾರೂ ವಿಚಾರಿಸಿರಲಿಲ್ಲ ಎಂದರು. ಭಾರತದಲ್ಲಿ ಪರಿಚಿತರ ಹೆಸರು ಎಂಬಲ್ಲಿ ಅಮ್ಮನ ಹೆಸರು, ಹಳ್ಳಿ, ಅಂಚೆ, ಫೋನು.

ವಿದೇಶಿಯರನ್ನು ಉಳಿಸಿಕೊಂಡವರು, ಲಾಡ್ಜಿನವರಿರಲಿ ಮನೆಯವರಿರಲಿ, 24 ಗಂಟೆಯೊಳಗೆ ‘ಫಾರಂ ಸಿ’ ಸಲ್ಲಿಸಬೇಕೆಂಬುದು ಆಗಿನ ನಿಯಮ. ಜಿಲ್ಲೆಗಳಲ್ಲಿ ಇದಕ್ಕೆ ಎಸ್‌ಪಿಯವರೇ ನೋಂದಣಿ ಅಧಿಕಾರಿ. ಎಷ್ಟೋ ಮನೆಗಳವರಿಗೆ ಇದು ಗೊತ್ತಿಲ್ಲ, ಮದುವೆಗೆ ಬಂದ ಅಮೆರಿಕದ ಬೀಗರನ್ನು ಹಾಗೆಯೇ ಉಳಿಸಿಕೊಂಡು ಕಳಿಸಿಬಿಡುತ್ತಾರೆ. ಅಮ್ಮ ಬಿಡುವವಳಲ್ಲ. ಪಕ್ಕದ ಮನೆಯ ಹುಡುಗನನ್ನು ಕೂರಿಸಿಕೊಂಡು ಆನ್‌ಲೈನಿನಲ್ಲಿ ಮೊದಲ ದಿನವೇ ತುಂಬಿಸಿದಳು. ಎರಡು ದಿನ ಬಿಟ್ಟು ಠಾಣೆಯಿಂದ ಕಾನ್‌ಸ್ಟೇಬಲ್ ಒಬ್ಬ ಬೈಕಿನಲ್ಲಿ ಬಂದ, ಬೇಯಿಸಿದ ಅಡಿಕೆ ಹರವಿದ್ದ ಅಂಗಳದ ಅಂಚಿನಲ್ಲೇ ಚಪ್ಪಲಿ ಬಿಟ್ಟು ಜಗುಲಿಗೆ ಹತ್ತಿದ. ಅಮ್ಮನ ಹಳೇ ವಿದ್ಯಾರ್ಥಿ.

‘ಟೀಚರ್, ಇವ್ರು ಯಾವಾಗ ಹೊರಡ್ತಾರೆ?’

‘ಮನೆಗೆ ಬಂದೋರನ್ನ ಯಾವಾಗ ಹೋಗ್ತೀರಿ ಅಂತ ಕೇಳೋದು ಯಾವ ಶಾಲೇಲಿ ಕಲ್ತೆ?’ ಎಂದು ಗದರಿ, ಕಷಾಯ ಕೊಟ್ಟು, ಅವನು ಕುಡಿಯುವಷ್ಟರಲ್ಲಿ ಪಾಸ್‌ಪೋರ್ಟು, ವೀಸಾ, ವಾಪಸು ಟಿಕೆಟ್ಟಿನ ಜೆರಾಕ್ಸುಗಳನ್ನು ಪಿನ್ನು ಹೊಡೆದು ತಂದುಕೊಟ್ಟಳಂತೆ. ಎರಡು ಪ್ರತಿ, ಒಂದು ಠಾಣೆಗೆ, ಒಂದು ಸಾಹೇಬರಿಗೆ.

ಆಮೇಲೆ ಕೊರೊನಾ ಬಂತು, ಅದರ ಹಿಂದೆ ಅಮ್ಮನ ಮಂಡಿಯ ಶಸ್ತ್ರಚಿಕಿತ್ಸೆ. 2024ರ ಮಾರ್ಚ್ 1ರಿಂದ ಜರ್ಮನಿಯ ಕಾನೂನು ಸ್ವಲ್ಪ ಬದಲಾಗಿದೆ. ಆ ದಿನದಿಂದ ಮೊದಲ ಬಾರಿಗೆ ಪರವಾನಗಿ ಪಡೆದ ನುರಿತ ಕೆಲಸಗಾರರು ತಂದೆತಾಯಿಯನ್ನು ಇಲ್ಲೇ ಇರಿಸಿಕೊಳ್ಳಬಹುದು, ಖರ್ಚು ಮತ್ತು ಆರೋಗ್ಯ ವಿಮೆ ತಾವೇ ನೋಡಿಕೊಳ್ಳಬೇಕು. ಅದಕ್ಕೂ ಮೊದಲು ಬಂದ ನನ್ನಂಥವರಿಗೆ ಅದು ಇಲ್ಲ. ಹತ್ತು ವರ್ಷಕ್ಕೂ ಮೇಲ್ಪಟ್ಟು ತೆರಿಗೆ ಕಟ್ಟಿದವಳಿಗೆ ಸಿಗದ ಸೌಲಭ್ಯ ಹೋದ ವರ್ಷ ಬಂದ ಹುಡುಗನಿಗೆ ಸಿಗುವುದು ಯಾವ ನ್ಯಾಯವೋ. ಸಿಟ್ಟಿನಲ್ಲಿ ಅಮ್ಮನಿಗೆ ಹೇಳಿದೆ. ‘ಸಿಕ್ಕಿದ್ರೆ ನಾನೇನು ಗಂಟುಮೂಟೆ ಕಟ್ಕೊಂಡು ಬರ್ತಿದ್ನಾ?’ ಎಂದಳು. ಸಮಾಧಾನಕ್ಕೆ ಹೇಳಿದ್ದೋ ನಿಜಕ್ಕೋ ನಾನು ಕೆದಕಲಿಲ್ಲ.

ಈಗ ಎರಡನೆಯ ಸಲ ಕಾಗದಗಳು ಒಟ್ಟಾಗುತ್ತಿವೆ. ಶುಲ್ಕ 90 ಯೂರೋ ಆಗಿದೆ, ಹಳೆಯ ಬೆರಳಚ್ಚಿನ ಅವಧಿ ಮೀರಿದೆ, ಮತ್ತೆ ಕೊಡಬೇಕು. ಮಂಡಿಯ ಕಾರಣಕ್ಕೆ ತೋಟಕ್ಕೆ ಇಳಿಯಲಾಗದೆ ಅಮ್ಮ ಎರಡು ವರ್ಷದಿಂದ ಫಸಲನ್ನು ಚೇಣಿಗೆ ಕೊಟ್ಟಿದ್ದಾಳೆ. ಔಷಧಿ ಹೊಡೆಸುವುದು, ಕೊಯ್ಯುವುದು ಎಲ್ಲ ಚೇಣಿದಾರನ ಪಾಲಿಗೆ. ಆ ಪತ್ರದಲ್ಲಿದ್ದ ಒಂದೇ ಒಂದು ಕಾರಣವೂ ಈಗ ಇಲ್ಲವಾಯಿತು. ಈ ಸಲ ಏನು ಬರೆಯೋಣ ಎಂದು ಕೇಳಿದೆ.

‘ಚೇಣಿದಾರ ದ್ರಾವಣಕ್ಕೆ ನೀರು ಹೆಚ್ಚು ಹಾಕ್ತಾನೆ, ನಿಂತು ನೋಡ್ಬೇಕು ಅಂತ ಬರಿ. ಅದು ಸುಳ್ಳೇನಲ್ಲ’ ಎಂದಳು. ಒಂದು ಕ್ಷಣ ಬಿಟ್ಟು, ‘ಎಪ್ಪತ್ತು ದಾಟಿದೋರಿಗೆ ವಿಮೆ ಕಂತು ಜಾಸ್ತಿಯಂತಲ್ಲ? ದಿನದ ಲೆಕ್ಕಕ್ಕೆ ಹಾಕ್ತಾರೋ, ತಿಂಗಳ ಲೆಕ್ಕಕ್ಕೋ ವಿಚಾರ್ಸು. ತಿಂಗಳ ಲೆಕ್ಕಕ್ಕಾದ್ರೆ ಪೂರ್ತಿ ಎರಡು ತಿಂಗಳೇ ಹಾಕು, ದುಡ್ಡು ಕೊಟ್ಟು ದಿನ ಬಿಡೋದು ಎಂತಕ್ಕೆ’ ಎಂದಳು.